ವಿಯೆನ್ನಾದಲ್ಲಿ ಟ್ರಾಮ್ ಹತ್ತುವವರಿಗೆ

ನೀಲಿಯೇ ಇರಬೇಕು. ಅಥವಾ ಪೆಟ್ಟಿಗೆ ಕೆಂಪಗಿದ್ದು, ಅದನ್ನು ಕೂರಿಸಿದ ಕಂಬ ನೀಲಿಯಾಗಿತ್ತೋ ಏನೋ. ವಿಯೆನ್ನಾದ ಟ್ರಾಮಿನೊಳಗೆ, ಬಾಗಿಲ ಹತ್ತಿರ, ಟಿಕೆಟ್ಟಿಗೆ ಮುದ್ರೆ ಒತ್ತುವ ಒಂದು ಸಣ್ಣ ಪೆಟ್ಟಿಗೆ ಇರುತ್ತದೆ. ಅದು ನೀಲಿ ಬಣ್ಣದ್ದು ಎಂದು ಕುವೈತಿನಲ್ಲಿ ಕೇಳಿದವರಿಗೂ ಕೇಳದವರಿಗೂ ಹತ್ತು ವರ್ಷದಿಂದ ಹೇಳುತ್ತ ಬಂದಿದ್ದೇನೆ. "ಟಿಕೆಟ್ಟನ್ನು ಅದರ ಬಾಯಿಗೆ ಕೊಡಿ, ಟಿಣ್ ಅನ್ನುತ್ತೆ" ಎಂದೂ ಹೇಳುತ್ತೇನೆ. ಈ ಟಿಣ್ ನಾನು ಕೇಳಿಸಿಕೊಂಡದ್ದೋ, ಮೂರನೇ ಸಲವೋ ನಾಲ್ಕನೇ ಸಲವೋ ಹೇಳುವಾಗ ಬಾಯಿಗೆ ಬಂದದ್ದೋ, ಈಗ ಪ್ರಮಾಣ ಮಾಡಿ ಹೇಳಲಾರೆ.

ಹೋದ ವಾರ ಪಾಸ್‌ಪೋರ್ಟ್ ನವೀಕರಣಕ್ಕೆಂದು ಅದರ ಪ್ಲಾಸ್ಟಿಕ್ ಹೊದಿಕೆ ಕಳಚಿದಾಗ ಒಳಗಿನಿಂದ ಒಂದು ಟ್ರಾಮ್ ಟಿಕೆಟ್ ಬಿತ್ತು. ವಿಯೆನ್ನಾದ್ದೇ. ಸಂತೋಷವಾಗಬೇಕಿತ್ತು. ಅದರ ಮೇಲೆ ಎಲ್ಲಿಯೂ ಮುದ್ರೆ ಇರಲಿಲ್ಲ. ಟಿಕೆಟ್ ಇದೆ ಎಂದರೆ ನಾನು ಟ್ರಾಮಿನಲ್ಲಿ ಹೋಗಿದ್ದೇನೆ. ಮುದ್ರೆ ಇಲ್ಲ ಎಂದರೆ ಹೋಗಿಲ್ಲ. ಇಲ್ಲವೇ ಹೋಗಿದ್ದೇನೆ, ಕಳ್ಳನ ಹಾಗೆ. ಮೂರರಲ್ಲಿ ಯಾವುದನ್ನು ಆರಿಸಿಕೊಂಡರೂ ನನ್ನ ಹತ್ತು ವರ್ಷದ ಉಪದೇಶಕ್ಕೆ ಗೌರವ ಬರುವುದಿಲ್ಲ.

ಹಾಗೆಂದು ಉಪದೇಶ ಪೂರ್ತಿ ಸುಳ್ಳು ಅಂದುಕೊಳ್ಳಬೇಡಿ. ನೀವು ಆ ಕಡೆ ಹೋಗುವವರಾದರೆ ಕೆಲವನ್ನು ಈಗಲೂ ಧೈರ್ಯವಾಗಿ ಹೇಳುತ್ತೇನೆ. ವಿಮಾನ ನಿಲ್ದಾಣದಿಂದ ಊರಿಗೆ ಎರಡು ಬಗೆಯ ರೈಲುಗಳಿವೆ. ಎದುರಿಗೆ ಕಣ್ಣಿಗೆ ಹೊಡೆಯುವ ಹಾಗೆ ಕಾಣಿಸುವುದು ದುಬಾರಿಯದ್ದು. ಸ್ವಲ್ಪ ಹುಡುಕಿದರೆ ಸಿಗುವುದು ಜನಸಾಮಾನ್ಯರದ್ದು. ಎಸ್ಕಲೇಟರಿನಲ್ಲಿ ಬಲಗಡೆ ನಿಲ್ಲಿ, ಎಡಗಡೆ ಅವಸರದವರಿಗೆ ಬಿಡಿ. ಟ್ರಾಮ್ ಬಂದು ನಿಂತಾಗ ಬಾಗಿಲು ತಾನಾಗಿ ತೆರೆಯಲಿ ಎಂದು ಮದುಮಗನ ಹಾಗೆ ಕಾಯಬೇಡಿ, ಗುಂಡಿ ಒತ್ತಿ. ನಲ್ಲಿಯ ನೀರು ಕುಡಿಯಬಹುದು. ಕೆಳಗಿಳಿದು ಹೋಗುವ ಮೆಟ್ರೋಗೆ ನಮ್ಮಲ್ಲಿಯ ಹಾಗೆ ಅಡ್ಡಗೇಟು ಇಲ್ಲ. ಟಿಕೆಟ್ ಇಲ್ಲದವನೂ ಸಲೀಸಾಗಿ ಇಳಿದು ಹೋಗಬಹುದು. ನಿಮ್ಮನ್ನು ಅಲ್ಲಿ ಯಾರೂ ತಡೆಯುವುದಿಲ್ಲ, ನಂಬುತ್ತಾರೆ. ಮೊದಲ ದಿನ ಅದು ಹಿತವಾಗಿರುತ್ತದೆ. ಎರಡನೇ ದಿನದಿಂದ ಬೆನ್ನು ಭಾರವಾಗುತ್ತದೆ.

ಯಾವ ಟ್ರಾಮ್, ಎಷ್ಟನೇ ನಂಬರು ಎಂದು ಮಾತ್ರ ಬರೆಯುವುದಿಲ್ಲ. ನನ್ನನ್ನು ನಂಬಿ ಯಾರಾದರೂ ಹತ್ತಿಬಿಟ್ಟಾರು.

ನಾನು ಅಲ್ಲಿದ್ದದ್ದು ಒಟ್ಟು ಐದು ದಿನ. ಅದರಲ್ಲಿ ಒಂದೂವರೆ ದಿನ ಹೊಟ್ಟೆ ಕೆಟ್ಟು ಮಲಗಿದ್ದೆ. ಉಳಿದ ಮೂರೂವರೆ ದಿನದ ಬಂಡವಾಳದಲ್ಲಿ ಕುವೈತಿನ ಖೈತಾನ್ ಬಡಾವಣೆಯ ನಮ್ಮ ಕಟ್ಟಡಕ್ಕೆ ಯುರೋಪಿನ ಪಂಡಿತನಾದೆ. ಪ್ರತಿ ವರ್ಷ ಬೇಸಿಗೆ ರಜೆ ಹತ್ತಿರವಾಗುತ್ತಿದ್ದಂತೆ ಯಾರಾದರೊಬ್ಬರು ವೀಸಾ ಸಿಕ್ಕಿತು ಎಂದು ಮಿಠಾಯಿ ಡಬ್ಬಿ ಹಿಡಿದುಕೊಂಡು ಬರುತ್ತಾರೆ. ನಾನು ಒಂದು ಹಾಳೆ ತೆಗೆದು ನಕ್ಷೆ ಬರೆಯಲು ಕೂರುತ್ತೇನೆ. ಅರ್ದಿಯಾದ ಗೋದಾಮುಗಳ ನಡುವಿನ ಒಂದು ಕಚೇರಿಯಲ್ಲಿ ಏರ್ ಕಂಡಿಷನ್ ಕೊಳವೆಗಳ ನಕ್ಷೆ ಬರೆಯುವುದು ನನ್ನ ಕೆಲಸ. ಗಾಳಿ ಎಲ್ಲಿಂದ ಹೊರಟು ಎಲ್ಲಿ ತಿರುಗಿ ಎಲ್ಲಿಗೆ ಮುಟ್ಟಬೇಕು ಎಂದು ಗೆರೆ ಎಳೆದು ಎಳೆದು, ಮನುಷ್ಯರಿಗೂ ಹಾಗೇ ಎಳೆಯಬಹುದೆಂಬ ಭ್ರಮೆ ಬಂದಿರಬೇಕು.

ಕುವೈತಿನಲ್ಲಿ ದಾರಿ ಹೇಳುವ ಕ್ರಮವೇ ಬೇರೆ. ಇಲ್ಲಿ ಬ್ಲಾಕಿಗೆ ನಂಬರಿದೆ, ರಸ್ತೆಗೆ ನಂಬರಿದೆ, ಕಟ್ಟಡಕ್ಕೂ ಇದೆ. ನಾವು ಯಾರೂ ಅದನ್ನು ಬಳಸುವುದಿಲ್ಲ. "ಜಮಿಯಾ ದಾಟಿ ಯೂ-ಟರ್ನ್ ತಗೊಳ್ಳಿ, ಮಸೀದಿ ಆದ ಮೇಲೆ ಒಂದು ಬಕಾಲಾ ಬರುತ್ತೆ, ಅದರ ಹಿಂದಿನ ಬಿಲ್ಡಿಂಗು, ಹಾರಿಸು ಬಾಂಗ್ಲಾದವನು" ಎನ್ನುತ್ತೇವೆ. ಜಮಿಯಾ ಎಂದರೆ ಸಹಕಾರಿ ಅಂಗಡಿ, ಬಕಾಲಾ ಎಂದರೆ ಕಿರಾಣಿ, ಹಾರಿಸು ಎಂದರೆ ಕಟ್ಟಡದ ಕಾವಲುಗಾರ. ನಡೆಯುವವನಿಗೆ ಇದರಲ್ಲಿ ಏನೂ ಇಲ್ಲ. ಎಲ್ಲ ಕಾರಿನೊಳಗಿನಿಂದ ಕಂಡದ್ದು. ಕಾವಲುಗಾರ ಊರಿಗೆ ಹೋಗಿಬಿಟ್ಟರೆ ಆ ವಿಳಾಸವೂ ರಜೆ ಹಾಕಿದಂತೆ. ನನ್ನ ವಿಯೆನ್ನಾ ನಕ್ಷೆಗಳೂ ಹೀಗೇ ಇದ್ದವು. ದೊಡ್ಡ ಚರ್ಚು, ಅದರ ಮುಂದೆ ಕುದುರೆ ಗಾಡಿ, ಆಮೇಲೆ ಹಳದಿ ಕಟ್ಟಡ. ಆ ಊರಿನಲ್ಲಿ ಹಳದಿಯಲ್ಲದ ಕಟ್ಟಡ ಎಷ್ಟಿವೆ ಎಂದು ಯಾರೂ ನನ್ನನ್ನು ಕೇಳಲಿಲ್ಲ.

ನಕ್ಷೆಯ ಜೊತೆ ಒಂದು ಕಥೆ ಉಚಿತ. ಟಿಕೆಟ್ ತಪಾಸಣೆಯವನ ಕಥೆ. ಅವನಿಗೆ ಸಮವಸ್ತ್ರ ಇರುವುದಿಲ್ಲ. ಟ್ರಾಮಿನ ಮೂಲೆಯಲ್ಲಿ ಬೂದು ಕೋಟಿನ ಅಜ್ಜನೊಬ್ಬ ಪೇಪರ್ ಓದುತ್ತ ಕೂತಿರುತ್ತಾನೆ. ಟ್ರಾಮ್ ಹೊರಟ ಕೂಡಲೇ ಪೇಪರನ್ನು ನಾಲ್ಕು ಮಡಿಕೆ ಮಾಡಿ (ಇಲ್ಲಿ ನಾನು ಒಂದು ಪೇಪರ್ ತೆಗೆದುಕೊಂಡು ಮಡಿಸಿ ತೋರಿಸುತ್ತೇನೆ), ಜೇಬಿನಿಂದ ಬಿಲ್ಲೆ ತೆಗೆದು, ಟಿಕೆಟ್ ಎನ್ನುತ್ತಾನೆ. ಟಿಕೆಟ್ ಇದ್ದರೆ ಸಾಲದು, ಮುದ್ರೆ ಇರಬೇಕು. ಮುದ್ರೆ ಇಲ್ಲದ ನಮ್ಮವರೊಬ್ಬರನ್ನು ಮುಂದಿನ ನಿಲ್ದಾಣದಲ್ಲಿ ಇಳಿಸಿ, ಮಳೆಯಲ್ಲಿ, ಪಾಸ್‌ಪೋರ್ಟ್ ಕೈಯಲ್ಲಿ ಹಿಡಿಸಿ ನಿಲ್ಲಿಸಿದ. ಹೋಗುವವರು ಬರುವವರು ನೋಡುತ್ತಿದ್ದರು.

ಮೊದಮೊದಲು ಆ ನಮ್ಮವರು ನಾನೇ ಆಗಿದ್ದೆ. ಒಂದೆರಡು ವರ್ಷ ಕಳೆದ ಮೇಲೆ ಅದು ಒಬ್ಬ ಪಂಜಾಬಿ ಗೃಹಸ್ಥನಾಯಿತು, ನನ್ನ ಮಾನ ಉಳಿಯಿತು. ಆಮೇಲೆ ಅವನ ಜೊತೆ ಹೆಂಡತಿ ಬಂದಳು, ಅವಳ ಕೈಯಲ್ಲಿ ಅಳುವ ಮಗು ಬಂತು. ಹೋದ ವರ್ಷದ ಹೊತ್ತಿಗೆ ಪೊಲೀಸರೂ ಬಂದಿದ್ದರು. ಜನ ನಗುತ್ತಿದ್ದರು. ನಗುವಿನ ನಡುವೆ ಒಂದು ಚೂರು ಹೆದರುತ್ತಿದ್ದರು. ಹೇಳುವವನಿಗೆ ಅದಕ್ಕಿಂತ ಇನ್ನೇನು ಬೇಕು?

ಈ ಅಜ್ಜ ಎಲ್ಲಿಂದ ಬಂದ ಎಂದು ಈಚೆಗೆ ಯೋಚಿಸುತ್ತಿದ್ದೇನೆ. ನಾನು ಹುಡುಗನಾಗಿದ್ದಾಗ ಮಂಡ್ಯದಿಂದ ಮೈಸೂರಿಗೆ ಹೋಗುವ ಬಸ್ಸಿನಲ್ಲಿ ಅಪ್ಪ ಟಿಕೆಟ್ಟನ್ನು ಬೀಡಿಯ ಹಾಗೆ ಸುರುಳಿ ಸುತ್ತಿ ವಾಚಿನ ಪಟ್ಟಿಯೊಳಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಶ್ರೀರಂಗಪಟ್ಟಣದ ಹತ್ತಿರ ಚೆಕಿಂಗ್ ಇನ್‌ಸ್ಪೆಕ್ಟರ್ ಹತ್ತುತ್ತಿದ್ದರು. ಬಸ್ಸಿನಲ್ಲಿ ಮಾತೆಲ್ಲ ನಿಂತುಹೋಗುತ್ತಿತ್ತು. ಒಮ್ಮೆ ಟಿಕೆಟ್ ಇಲ್ಲದ ಒಬ್ಬ ಹೆಂಗಸನ್ನು ಇಳಿಸಿದರು. ಅವಳು ಕೋಳಿ ಬುಟ್ಟಿ ತಲೆಯ ಮೇಲೆ ಇಟ್ಟುಕೊಂಡು ಕಬ್ಬಿನ ಗದ್ದೆಯ ಪಕ್ಕ ನಿಂತಿದ್ದಳು. ಬಸ್ಸು ಹೊರಟ ಮೇಲೂ ಹಿಂದಿನ ಗಾಜಿನಲ್ಲಿ ಕಾಣುತ್ತಿದ್ದಳು. ಇದನ್ನು ಅಣ್ಣನಿಗೆ ಫೋನಿನಲ್ಲಿ ಹೇಳಿದರೆ ಅವನು, "ಯಾವ ವಾಚೋ? ಅಪ್ಪಂಗೆ ವಾಚೇ ಇರ್ಲಿಲ್ವಲ್ಲೋ. ರಿಟೈರ್ ಆದಾಗ ಆಫೀಸ್ನೋರು ಕೊಟ್ರಲ್ಲ, ಅದೇ ಮೊದಲ್ನೇದು," ಎಂದ. ಹಾಗಾದರೆ ನನಗೆ ಇಷ್ಟು ಸ್ಪಷ್ಟವಾಗಿ ಕಾಣುತ್ತಿರುವ, ಕಪ್ಪು ರೋಮದ ನಡುವೆ ಗುಲಾಬಿ ಟಿಕೆಟ್ ಸಿಕ್ಕಿಸಿಕೊಂಡ ಆ ಮಣಿಕಟ್ಟು ಯಾರದ್ದು? ಅಣ್ಣನಿಗೂ ಮರೆತಿರಬಹುದು. ಇಬ್ಬರ ಮರೆವನ್ನು ಕೂಡಿಸಿದರೆ ಒಂದು ನೆನಪು ಆಗುವುದಿಲ್ಲ.

ಇರಲಿ. ನಾನು ಹೇಳಬೇಕಾದದ್ದು ಜೆಸಿಂತಾ ಬಾಯಿಯ ವಿಷಯ. ಅದಕ್ಕೇ ಇಷ್ಟು ಸುತ್ತು ಬಳಸಿ ಬರುತ್ತಿದ್ದೇನೆ.

ಜೆಸಿಂತಾ ಬಾಯಿ ನಮ್ಮ ಮೇಲಿನ ಮಹಡಿಯಲ್ಲಿದ್ದರು. ಉಡುಪಿ ಕಡೆಯ ಕೊಂಕಣಿ ಕ್ರೈಸ್ತರು, ಮದುವೆಯಾಗಿರಲಿಲ್ಲ, ಮೂವತ್ತು ವರ್ಷ ಇಲ್ಲಿ ನರ್ಸ್ ಆಗಿದ್ದರು. ಕಟ್ಟಡದ ಎಲ್ಲರ ಬಿ.ಪಿ. ಅವರಿಗೆ ಬಾಯಿಪಾಠ. ಬೆಳಗ್ಗೆ ಆಸ್ಪತ್ರೆಯ ವ್ಯಾನ್ ಕೆಳಗೆ ಬಂದು ಹಾರ್ನ್ ಮಾಡುತ್ತಿತ್ತು, ಸಂಜೆ ಅದೇ ವ್ಯಾನ್ ತಂದು ಇಳಿಸುತ್ತಿತ್ತು. ಶುಕ್ರವಾರ ಚರ್ಚಿಗೆ ಪಕ್ಕದ ಮನೆಯವರ ಕಾರು. ಹೀಗೆ ಮೂವತ್ತು ವರ್ಷದಲ್ಲಿ ಅವರು ಒಂದು ಟಿಕೆಟ್ ಕೊಂಡವರಲ್ಲ, ಒಂಟಿಯಾಗಿ ಟ್ಯಾಕ್ಸಿ ಹತ್ತಿದವರಲ್ಲ. ಇಲ್ಲಿಯ ಎಷ್ಟೋ ನರ್ಸುಗಳು ಹಾಗೇ.

ಹೋದ ವರ್ಷ ಬೇಸಿಗೆಗೆ ಮುಂಚೆ ಒಂದು ಸಂಜೆ ಬಾಳೆಹಣ್ಣಿನ ಹಲ್ವ ಹಿಡಿದುಕೊಂಡು ಬಂದರು.

"ಇಂಜಿನಿಯರ್ರೇ, ನನಗೆ ವೀಸಾ ಆಯ್ತು. ವಿಯೆನ್ನಾಕ್ಕೆ. ಅಲ್ಲಿ ಹೋಗ್ಲಿಕ್ಕೆ ಹೇಗೆ ಅಂತ ಒಂದು ಸರೀ ಹೇಳಿ ಕೊಡಿ ಮಾರಾಯ್ರೆ."

"ಬಾಯಿ, ನೀವು ಟೂರಾ?" ಎಂದಳು ನನ್ನ ಹೆಂಡತಿ ಸುಮಾ.

"ಎಂತ ಟೂರು! ತಂಗಿ ಇದ್ದಾಳಲ್ಲ, ಐರಿನ್."

ಐರಿನ್ ಹತ್ತೊಂಬತ್ತನೇ ವಯಸ್ಸಿಗೆ ಸನ್ಯಾಸಿನಿಯಾಗಿ ಆ ದೇಶಕ್ಕೆ ಹೋದವರು. ಈಗ ವಿಯೆನ್ನಾದ ಹೊರವಲಯದಲ್ಲಿ ಮುದಿ ಸನ್ಯಾಸಿನಿಯರ ಮನೆಯಲ್ಲಿದ್ದರು. ಎರಡು ವರ್ಷದಿಂದ ಮರೆವಿನ ಕಾಯಿಲೆ. ಜರ್ಮನ್ ಸ್ವಲ್ಪ ಸ್ವಲ್ಪವೇ ಕಳಚಿಹೋಗಿ, ಬೆಳಗಿನ ಹೊತ್ತು ಕಿಟಕಿಯ ಪಕ್ಕ ಕೂತು ಆ ಮನೆಯಲ್ಲಿ ಯಾರಿಗೂ ಬಾರದ ಒಂದು ಭಾಷೆಯಲ್ಲಿ ಮಾತಾಡತೊಡಗಿದ್ದರು. ಮಧ್ಯಾಹ್ನದ ಹೊತ್ತಿಗೆ ಅದೂ ನಿಂತು ಮೌನ. ನೋಡಿಕೊಳ್ಳುವ ಸನ್ಯಾಸಿನಿಯೊಬ್ಬರು ಜೆಸಿಂತಾ ಬಾಯಿಗೆ ಬರೆದಿದ್ದರು: ಅವಳು ದಿನಾ ಏನನ್ನೋ ಹೇಳುತ್ತಾಳೆ, ನಾವು ತಲೆಯಾಡಿಸುತ್ತೇವೆ, ಅವಳಿಗೆ ಏನು ಬೇಕೆಂದು ನಮಗೆ ತಿಳಿಯುವುದಿಲ್ಲ, ನೀವು ಬಂದು ಕೇಳಿ ಹೇಳಿದರೆ ಉಪಕಾರ. ಒಮ್ಮೆ ಆ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಯೂ ಕಳಿಸಿದ್ದರು. ಬಾಯಿ ಅದನ್ನು ನಮಗೆ ಕೇಳಿಸಿದರು. ಕುರ್ಚಿ ಎಳೆಯುವ ಸದ್ದು, ಯಾರದೋ ಕೆಮ್ಮು, ಅದರಾಚೆ ತೆಳ್ಳಗೆ ಒಂದು ದನಿ.

"ಇದೊಂದು ಮಾತ್ರ ಗೊತ್ತಾಗ್ತದೆ. 'ಯೇ, ಯೇ' ಅಂತಾಳೆ. ನಮ್ಮ ಕೊಂಕಣಿಯಲ್ಲಿ ಬಾ ಅಂತ. ಯಾರನ್ನು ಕರೀತಾಳೆ? ಅಮ್ಮನನ್ನಾ, ನನ್ನನ್ನಾ, ಕೋಳಿಯನ್ನಾ? ಮುಂದಿನದ್ದು ಕೇಳೂದೇ ಇಲ್ಲ."

ಆಗಸ್ಟಿನಲ್ಲಿ ಅವರ ಕೆಲಸ ಮುಗಿಯುವುದಿತ್ತು. ಕೆಲಸ ಹೋದರೆ ಇಕಾಮಾ ಹೋಗುತ್ತದೆ, ಇಲ್ಲಿರುವ ಪರವಾನಗಿ. ಅದು ಇರುವಾಗಲೇ ಯುರೋಪಿನ ವೀಸಾ ಸುಲಭ. ಊರಿಗೆ ಹೋಗಿ ಕೂತ ಮೇಲೆ ಒಂಟಿ ಹೆಂಗಸು, ಕೆಲಸವಿಲ್ಲ, ಯಾರು ಕೊಡುತ್ತಾರೆ? "ಹೋದರೆ ಈಗ. ಮತ್ತೆ ಇಲ್ಲ," ಎಂದರು. ಶನಿವಾರ ಸಂಜೆ ತಲುಪುವುದು, ಭಾನುವಾರ ಮತ್ತು ಸೋಮವಾರ ಎರಡು ಬೆಳಗ್ಗೆ ತಂಗಿಯ ಪಕ್ಕ ಕೂರುವುದು, ಮಂಗಳವಾರ ಮುಂಜಾನೆ ವಿಮಾನ. ಆಸ್ಪತ್ರೆ ಕೊಟ್ಟ ರಜೆ ಅಷ್ಟೇ. ಸನ್ಯಾಸಿನಿಯರ ಮನೆಯಲ್ಲಿ ಅತಿಥಿಗಳಿಗೆ ಜಾಗವಿಲ್ಲ. ರೈಲು ನಿಲ್ದಾಣದ ಹತ್ತಿರ ಒಂದು ಸಣ್ಣ ಹೋಟೆಲು. ಅಲ್ಲಿಂದ ತಂಗಿಯ ಮನೆ ಬಾಗಿಲಿಗೆ ಒಂದೇ ಟ್ರಾಮು.

"ಎರಡು ಬೆಳಗ್ಗೆ ಉಂಟು ನನಗೆ. ಹನ್ನೊಂದರ ಒಳಗೆ ತಲುಪಬೇಕು, ಅಷ್ಟೇ."

ನಮ್ಮ ಮಗಳು ಮೊಬೈಲಿನಿಂದ ತಲೆಯೆತ್ತದೆ, "ಆಂಟಿ, ದೇರ್ ಈಸ್ ಆ್ಯನ್ ಆ್ಯಪ್ ಫಾರ್ ದಿಸ್," ಎಂದಳು.

"ನನಗೆ ಆ್ಯಪ್ ಬೇಡ ಪುಟ್ಟಾ. ಅಲ್ಲಿ ನೆಟ್ ಹೋಟೆಲಲ್ಲಿ ಮಾತ್ರ. ನಿನ್ನ ಪಪ್ಪ ಬರೆದು ಕೊಡ್ಲಿ."

ಪಪ್ಪ ಬರೆದು ಕೊಟ್ಟ. ಅವತ್ತಿನಷ್ಟು ಚಂದದ ನಕ್ಷೆಯನ್ನು ನಾನು ಕಚೇರಿಯಲ್ಲೂ ಬರೆದದ್ದಿಲ್ಲ. ಹೋಟೆಲಿನ ಎದುರು ನಿಲ್ದಾಣ, ಪಕ್ಕದಲ್ಲಿ ತಂಬಾಕಿನ ಅಂಗಡಿ, ಟಿಕೆಟ್ ಅಲ್ಲಿ ಸಿಗುತ್ತದೆ. ಗುಂಡಿ ಒತ್ತು, ಹತ್ತು, ನೀಲಿ ಪೆಟ್ಟಿಗೆ, ಟಿಣ್. ಐದೈದು ನಿಮಿಷಕ್ಕೆ ಒಂದು ಟ್ರಾಮ್. ಬಾಯಿ ಕನ್ನಡಕ ಹಾಕಿಕೊಂಡು, ಡಾಕ್ಟರು ಔಷಧಿ ಹೇಳುವಾಗ ನರ್ಸ್ ಕೇಳುವ ಹಾಗೆ ಕೇಳಿದರು. ಅಷ್ಟು ಗಮನವಿಟ್ಟು ನನ್ನ ಮಾತನ್ನು ಯಾರೂ ಕೇಳಿದ್ದಿಲ್ಲ. ಆ ಸಂತೋಷಕ್ಕೆ ಅಜ್ಜನ ಕಥೆಯನ್ನೂ ಪೂರ್ತಿಯಾಗಿ ಹೇಳಿದೆ. ಪೇಪರ್ ಮಡಿಸಿ ತೋರಿಸಿದೆ. ಮಗು ಅತ್ತಿತು, ಪೊಲೀಸರು ಬಂದರು.

"ದೇವಾ!" ಎಂದರು ಬಾಯಿ. "ಮುದ್ರೆ ಇಲ್ಲದೆ ನಾನಂತೂ ಕಾಲಿಡುದಿಲ್ಲಪ್ಪ."

"ಅದೇ ಸರಿ," ಎಂದೆ.

ನಮ್ಮ ತಪ್ಪು ಎಲ್ಲಿತ್ತು ಎಂದು ನಿಮಗೆ ಆಗಲೇ ಹೊಳೆದಿರಬಹುದು. ನೀವು ಇಲ್ಲಿ ವಾಸ ಮಾಡಿದವರಲ್ಲ. ಕುವೈತಿನಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಭಾನುವಾರ ಎಂದರೆ ಬೆಳಗ್ಗೆ ಆರಕ್ಕೆ ಅಲಾರಂ, ರಿಂಗ್ ರೋಡಿನಲ್ಲಿ ಕಾರುಗಳ ಸಾಲು, ಕಚೇರಿಯಲ್ಲಿ ವಾರದ ಮೊದಲ ಬೈಗಳು. ಇಲ್ಲಿಯ ಕ್ರೈಸ್ತರು ಭಾನುವಾರದ ಪೂಜೆಯನ್ನು ಶುಕ್ರವಾರ ಮುಗಿಸಿಬಿಡುತ್ತಾರೆ, ಬೇರೆ ದಾರಿಯಿಲ್ಲ. ಮೂವತ್ತು ವರ್ಷ ಹಾಗೆ ಬದುಕಿದವರಿಗೆ, ಇಪ್ಪತ್ತು ವರ್ಷ ಹಾಗೆ ಬದುಕಿದ ನನಗೆ, ಭಾನುವಾರ ಎಂಬ ಹೆಸರಷ್ಟೇ ಉಳಿದಿರುತ್ತದೆ, ಒಳಗಿನದ್ದು ಸೋಮವಾರವಾಗಿರುತ್ತದೆ. ಆ ಮೇಜಿನ ಸುತ್ತ ಅವತ್ತು ನಾಲ್ಕು ಜನ ಇದ್ದೆವು. ಭಾನುವಾರ ಬೆಳಗ್ಗೆ, ಭಾನುವಾರ ಬೆಳಗ್ಗೆ ಎಂದು ಹತ್ತು ಸಲ ಅಂದೆವು. ಅಲ್ಲಿ ಅಂಗಡಿ ಮುಚ್ಚಿರುತ್ತದೆ ಎಂದು ಒಬ್ಬರ ತಲೆಗೂ ಬರಲಿಲ್ಲ.

ನನ್ನ ತಲೆಗೆ ಬಂದದ್ದು ಅದೇ ಭಾನುವಾರ, ಮಧ್ಯಾಹ್ನ. ಸೈಟ್ ಮೀಟಿಂಗ್ ಮುಗಿಸಿ ಊಟಕ್ಕೆ ಮನೆಗೆ ಬಂದಿದ್ದೆ. ಸುಮಾ ಸಾರು ಬಡಿಸುತ್ತಿದ್ದವಳು ಸೌಟು ಹಿಡಿದುಕೊಂಡೇ ನಿಂತಳು.

"ರೀ, ಅಲ್ಲಿ ಇವತ್ತು ರಜಾ ಅಲ್ವಾ? ಟಿಕೆಟ್ ಅಂಗಡಿ ತೆಗ್ದಿರುತ್ತಾ?"

"ತೆಗೆದಿರುತ್ತೆ. ನಾವು ಹೋಗಿದ್ದಾಗ..."

"ನಾವು ಹೋಗಿದ್ದಾಗ ಭಾನುವಾರ ಬ್ರೆಡ್ಡು ಸಿಗದೆ ರೂಮಲ್ಲಿ ಅವಲಕ್ಕಿ ನೆನೆಸ್ಕೊಂಡು ತಿಂದ್ವಿ. ನಿಮ್ಮ ಹೊಟ್ಟೆ ಕೆಟ್ಟಿದ್ದೇ ಅದರಿಂದ. ಮರ್ತೋಯ್ತಾ?"

ಮರೆತಿತ್ತು. ಬಾಯಿಗೆ ಆಗಲೇ ಸಂದೇಶ ಕಳಿಸಿದೆ: ಟಿಕೆಟ್ ಇಲ್ಲದಿದ್ದರೂ ಹತ್ತಿ, ಏನೂ ಆಗುವುದಿಲ್ಲ. ಹಾಗೆ ಬರೆಯಲು ನನಗೆ ಆಧಾರವಿತ್ತೋ ಇಲ್ಲವೋ. ಒಂದೇ ಟಿಕ್ಕು ಬಿತ್ತು, ಎರಡನೆಯದು ಬೀಳಲಿಲ್ಲ. ಅವರು ಹೋಟೆಲಿನಿಂದ ಹೊರಟಾಗಿತ್ತು.

"ಅಂಥ ಕಥೆ ಬೇರೆ ಹೇಳಿ ಹೆದರಿಸಿದ್ದೀರಿ," ಎಂದಳು ಸುಮಾ.

"ಕಥೆ ಏನು? ನಡೆದದ್ದೇ ಅಲ್ವಾ? ನೀನೂ ಇದ್ದೆಯಲ್ಲ ಟ್ರಾಮಿನಲ್ಲಿ."

"ನಾವೆಲ್ಲಿ ಟ್ರಾಮ್ ಹತ್ತಿದ್ವಿ? ಟಿಕೆಟ್ ತಗೊಂಡು ನಿಂತ್ವಿ, ಮಳೆ ಬಂತು, ಟ್ಯಾಕ್ಸಿ ಮಾಡ್ಕೊಂಡು ಹೋದ್ವಿ. ಉಳಿದಿದ್ದೆಲ್ಲ ಸುರಂಗದ ರೈಲು."

"ಅಜ್ಜ?"

"ಯಾವ ಅಜ್ಜನೂ ಇರ್ಲಿಲ್ಲ. ನೀವು ಹೇಳೋದು ಕೇಳ್ಕೊಂಡು ಬಂದಿದ್ದೀನಿ. ಜನ ನಗ್ತಿದ್ರು, ನಾನ್ಯಾಕೆ ಮಧ್ಯೆ ಬಾಯಿ ಹಾಕ್ಲಿ ಅಂತ ಸುಮ್ಮನಿದ್ದೆ."

ಒಂದು ಸಂಸಾರದಲ್ಲಿ ಹತ್ತು ವರ್ಷ ಇಂಥ ಮೌನ ಸಾಧ್ಯ. ಅವಳ ಮಾತನ್ನೂ ನಾನು ಪೂರ್ತಿ ಒಪ್ಪಲಿಲ್ಲ. ಟ್ರಾಮಿನ ಮರದ ಸೀಟು, ಗಾಜಿನ ಮೇಲೆ ಹರಿಯುವ ನೀರು ನನಗೆ ನೆನಪಿದೆ. ಅದು ಟ್ಯಾಕ್ಸಿಯ ಗಾಜು ಎನ್ನುತ್ತಾಳೆ ಅವಳು. ಮರದ ಸೀಟು? "ಸ್ಟೇಷನ್ನಿನ ಬೆಂಚು." ಅವಳ ಹತ್ತಿರ ಎಲ್ಲದಕ್ಕೂ ಉತ್ತರವಿತ್ತು. ನೆನಪು ಇಷ್ಟು ಅಚ್ಚುಕಟ್ಟಾಗಿದ್ದರೆ ನನಗೆ ಅನುಮಾನವೇ ಹೆಚ್ಚು. ಅನುಮಾನಿಸಿ ಮಾಡುವುದೇನು? ಸಾರು ತಣ್ಣಗಾಯಿತು. ಯಲ್ಲಾ, ಇನ್ನು ಹೊರಡೋಣ ಎಂದು ಮತ್ತೆ ಅರ್ದಿಯಾಕ್ಕೆ ಹೊರಟೆ. ದಾರಿಯುದ್ದಕ್ಕೂ ಸಿಗ್ನಲ್ಲಿಗೊಮ್ಮೆ ಮೊಬೈಲ್ ನೋಡಿದೆ. ಒಂದೇ ಟಿಕ್ಕು.

ಬಾಯಿ ಮಂಗಳವಾರ ಸಂಜೆ ಬಂದಿಳಿದರು. ನಾವೇ ಮೇಲೆ ಹೋದೆವು. ಕುರ್ಚಿಯಲ್ಲಿ ಕೂತು ಎರಡೂ ಕಾಲನ್ನು ಬಕೆಟಿನ ಬಿಸಿನೀರಿನಲ್ಲಿ ಇಳಿಬಿಟ್ಟಿದ್ದರು. ಹಿಮ್ಮಡಿಗೆ ಪ್ಲಾಸ್ಟರ್ ಹಾಕಿದ್ದ ಗುರುತಿತ್ತು.

"ಬನ್ನಿ ಬನ್ನಿ. ಚಾಕಲೇಟ್ ಅಲ್ಲಿ ಉಂಟು, ಮಗಳಿಗೆ ತಗೊಳ್ಳಿ."

"ಬಾಯಿ, ಭಾನುವಾರ..." ಎಂದೆ.

"ಅಯ್ಯೋ ಅದನ್ನು ಕೇಳ್ಬೇಡಿ. ಏಳು ಗಂಟೆಗೆ ಇಳಿದೆ. ಅಂಗಡಿ ಬಾಗಿಲು ಹಾಕಿತ್ತು. ಆಚೆದು ಹಾಕಿತ್ತು, ಈಚೆದು ಹಾಕಿತ್ತು. ಎಂತದೋ ಬಂದ್ ಇರ್ಬೇಕು ಅಂತ ಎಣಿಸಿದೆ. ಮತ್ತೆ ಚರ್ಚಿನ ಗಂಟೆ ಹೊಡೀಲಿಕ್ಕೆ ಶುರುವಾಯ್ತು ನೋಡಿ, ಆಗ ನನ್ನ ಮಂಡೆಗೆ ಹೋಯ್ತು, ಇವತ್ತು ಆದಿತ್ಯವಾರ ಅಂತ. ನಾನು, ಕ್ರಿಶ್ಚನ್ ಹೆಂಗಸು, ಆದಿತ್ಯವಾರ ಮರೆತು ಬೀದಿಯಲ್ಲಿ ನಿಂತಿದ್ದೆ!" ನಕ್ಕರು. ಸುಮಾನೂ ನಕ್ಕಳು.

"ಟ್ರಾಮ್ ಬರ್ಲಿಲ್ವಾ?"

"ಬಂತು. ತುಂಬ ಹೊತ್ತಿಗೆ ಒಂದೊಂದು. ಮೂರು ಬಂತು. ಡ್ರೈವರನಿಗೆ ದುಡ್ಡು ತೋರಿಸಿದೆ, ಅವನು ಗಾಜಿನ ಒಳಗಿಂದ ಕೈ ಆಡಿಸಿದ. ಹತ್ತು ಅಂದನೋ, ಬೇಡ ಅಂದನೋ. ಮೂರನೇದರಲ್ಲಿ ಹತ್ತುವ ಅಂತ ಧೈರ್ಯ ಮಾಡಿದೆ, ನೋಡ್ತೇನೆ, ಒಬ್ಬರು ಅಜ್ಜ ಪೇಪರ್ ಓದ್ತಾ ಕೂತಿದ್ದಾರೆ ಮೂಲೆಯಲ್ಲಿ. ಬೂದು ಕೋಟು. ಜೀವ ಹಾರಿಹೋಯ್ತು ನನಗೆ. ನಿಮ್ಮ ಇನ್‌ಸ್ಪೆಕ್ಟರೇ! ಕಾಲು ಹಿಂದೆ ತೆಗೆದೆ."

ಸುಮಾ ನನ್ನ ಕಡೆ ತಿರುಗಿ ನೋಡಿದಳು.

"ಮತ್ತೆ ನಡೆದೆ. ಕಂಬಿ ಉಂಟಲ್ಲ ನೆಲದಲ್ಲಿ, ಅದನ್ನೇ ನೋಡ್ಕೊಂಡು. ನಿಮ್ಮ ನಕ್ಷೆಯಲ್ಲಿ ಇಷ್ಟೇ ಇಷ್ಟು ಬರೆದಿದ್ರಿ," ಎಂದು ಹೆಬ್ಬೆರಳು ತೋರುಬೆರಳಿನ ನಡುವೆ ಅಂತರ ತೋರಿಸಿದರು, "ಮುಗಿಯುದೇ ಇಲ್ಲ ಮಾರಾಯ್ರೆ. ಮೊಣಕಾಲು ಬೇರೆ. ನಡುವೆ ನಡುವೆ ಕೂತೆ. ಎಲ್ಲೋ ದಾರಿ ಎರಡಾಯ್ತು, ಕಂಬಿಯೂ ಎರಡಾಯ್ತು, ನಾನು ತಪ್ಪಾದ ಕಡೆ ಹೋಗಿ ವಾಪಸು ಬಂದೆ. ಹೋಟೆಲಿನ ಹತ್ತಿರದ ದೊಡ್ಡ ರೈಲ್ ಸ್ಟೇಷನ್‌ನಲ್ಲಿ ಟಿಕೆಟ್ ಮಷಿನ್ ಉಂಟಂತೆ, ಸಂಜೆ ಹೋಟೆಲಿನವನು ಹೇಳಿದ. ನೀವು ಅದು ಹೇಳಿರ್ಲಿಲ್ಲ."

"ಎಷ್ಟು ಹೊತ್ತಿಗೆ ತಲುಪಿದಿರಿ?" ಸುಮಾ ಕೇಳಿದಳು.

"ಹನ್ನೆರಡೂವರೆ."

ಬಕೆಟಿನ ನೀರಿನಲ್ಲಿ ಕಾಲು ಅಲುಗಿಸಿದರು. ಇನ್ನು ಮುಂದಿನದನ್ನು ಅವರು ರೋಗಿಯ ವಿಷಯ ಹೇಳುವ ಹಾಗೆ, ಏರಿಳಿತ ಇಲ್ಲದೆ ಹೇಳಿದರು.

ಐರಿನ್ ಕಿಟಕಿಯ ಪಕ್ಕ ಕೂತಿದ್ದರು. ಅಕ್ಕನನ್ನು ನೋಡಿದರು, ನೋಡಿ ಕಿಟಕಿಯ ಕಡೆ ತಿರುಗಿದರು. ಒಂದು ಮಾತಿಲ್ಲ. ನೋಡಿಕೊಳ್ಳುವ ಸನ್ಯಾಸಿನಿ ಕೈ ಹಿಸುಕಿಕೊಂಡು ಹೇಳಿದರಂತೆ: ಅಯ್ಯೋ, ಬೆಳಗ್ಗೆ ಬಂದಿದ್ದರೆ! ಇವತ್ತು ಏಳರಿಂದ ಹನ್ನೊಂದರವರೆಗೆ ಒಂದೇ ಸಮ ಮಾತು. ಇಷ್ಟು ಮಾತಾಡಿದ್ದೇ ಇಲ್ಲ. ಮಧ್ಯದಲ್ಲಿ ಜೋರಾಗಿ ನಕ್ಕಳು. ಬಾಗಿಲ ಕಡೆ ಕೈ ಮಾಡಿ ಕರೆದಳು. ನಿಮಗೆ ಹೇಳಲೆಂದು ನಾನು ಕೆಲವು ಶಬ್ದ ಬರೆದುಕೊಳ್ಳಲು ನೋಡಿದೆ, ಬರೆಯಲಿಕ್ಕೆ ಬರಲಿಲ್ಲ.

"ಸೋಮವಾರ?" ಎಂದೆ.

"ಸೋಮವಾರ ಟಿಕೆಟ್ ತಗೊಂಡೆ, ಮುದ್ರೆ ಹಾಕಿದೆ, ಎಂಟು ಗಂಟೆಗೆ ಅವಳ ಎದುರು ಕೂತಿದ್ದೆ. ಅವಳಿಗೆ ಮೈ ಬಿಸಿ ಇತ್ತು. ನಿದ್ದೆ ಬರುವ ಮಾತ್ರೆ ಕೊಟ್ಟಿದ್ರು ರಾತ್ರಿ. ನಾನು ಕೊಂಕಣಿಯಲ್ಲಿ ಮಾತಾಡಿದೆ. ಅಮ್ಮನ ಹೆಸರು ಹೇಳಿದೆ, ನಮ್ಮ ಬಾವಿ, ಹಲಸಿನ ಮರ, ಎಲ್ಲ ಹೇಳಿದೆ. ಒಂದು ಲೋಟ ನೀರು ಕುಡಿಸಿದೆ. 'ಡಾಂಕೆ' ಅಂದಳು. ಥ್ಯಾಂಕ್ಸ್ ಅಂತ, ಜರ್ಮನ್‌ನಲ್ಲಿ. ನರ್ಸಿಗೆ ಹೇಳುವ ಹಾಗೆ. ಅಷ್ಟೇ."

ಆಗ ಸುಮಾ ಬಾಯಿಬಿಟ್ಟಳು. ತಡೆಯಬಹುದಿತ್ತು, ನಾನು ತಡೆಯಲಿಲ್ಲ. "ಬಾಯಿ, ನಮ್ಮನ್ನ ಕ್ಷಮಿಸಿಬಿಡಿ. ಇವರು ಆ ಊರಲ್ಲಿ ಟ್ರಾಮೇ ಹತ್ತಿಲ್ಲ. ಆ ಅಜ್ಜನ ಕಥೆ, ಅದೆಲ್ಲ..."

"ಹತ್ತಿಲ್ವಾ?"

"ಹತ್ತಿರಬಹುದು," ಎಂದೆ. "ನನಗೆ ಸರಿಯಾಗಿ ಗೊತ್ತಿಲ್ಲ ಬಾಯಿ. ಅಜ್ಜ ಇದ್ದ ಅಂತ ಅನ್ನಿಸುತ್ತೆ. ಇರಲಿಲ್ಲ ಅಂತಲೂ..."

ಜೆಸಿಂತಾ ಬಾಯಿ ಕಾಲುಗಳನ್ನು ಬಕೆಟಿನಿಂದ ತೆಗೆದು ಟವೆಲಿನಲ್ಲಿ ಒರೆಸಿಕೊಂಡರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು.

"ಹಾಗಾದ್ರೆ ಪಾಪ," ಎಂದರು, "ಆ ಅಜ್ಜ ಸುಮ್ಮನೆ ಪೇಪರ್ ಓದ್ತಾ ಇದ್ರು ಅಂತಾಯ್ತು."

ಅವರು ಆಗಸ್ಟಿನಲ್ಲಿ ಊರಿಗೆ ಹೋದರು. ಹೊರಡುವ ದಿನ ನಮ್ಮೆಲ್ಲರ ಬಿ.ಪಿ. ನೋಡಿ, ನನಗೆ ಉಪ್ಪು ಕಡಿಮೆ ಮಾಡಿ ಎಂದರು. ಏನೂ ಆಗದವರ ಹಾಗೆ ನಡೆದುಕೊಂಡರು. ನಿಜಕ್ಕೂ ಏನೂ ಆಗಿರಲಿಲ್ಲವೋ, ಮೂವತ್ತು ವರ್ಷದ ವೃತ್ತಿ ಕಲಿಸಿದ ಮುಖವೋ, ನಾನು ಕೇಳಲಿಲ್ಲ. ನೀಲಿ ಪೆಟ್ಟಿಗೆ ನೀಲಿಯೇ ಹೌದಾ ಎಂದೂ ಕೇಳಲು ಧೈರ್ಯ ಬರಲಿಲ್ಲ. ಡಿಸೆಂಬರಿನಲ್ಲಿ ಸುಮಾಗೆ ಒಂದು ಸಂದೇಶ ಬಂತು: ಐರಿನ್ ಈಗ ಬೆಳಗ್ಗೆಯೂ ಮಾತಾಡುವುದಿಲ್ಲವಂತೆ, ಉಸಿರಾಡಿಕೊಂಡು ಇದ್ದಾಳೆ, ಪ್ರಾರ್ಥನೆ ಮಾಡಿ.

ಈ ವರ್ಷವೂ ಒಬ್ಬರು ಮಿಠಾಯಿ ಡಬ್ಬಿ ಹಿಡಿದುಕೊಂಡು ಬಂದಿದ್ದರು, ಅಬು ಹಲೀಫಾದಿಂದ ಅಷ್ಟು ದೂರ ಕಾರು ಓಡಿಸಿಕೊಂಡು. ನನಗೆ ಗೊತ್ತಿಲ್ಲ, ಮಗಳನ್ನು ಕೇಳಿ, ಆ್ಯಪ್ ಇದೆಯಂತೆ ಎಂದು ಕಳಿಸಿದೆ. ಅವರಿಗೆ ನಿರಾಸೆಯಾಯಿತು. ಆ ಅಜ್ಜನ ಕಥೆಯಾದರೂ ಹೇಳಿ ಸಾರ್ ಎಂದರು. ತಲೆನೋವು ಎಂದೆ.

ತಪ್ಪು ಎಷ್ಟು ನನ್ನದು, ಎಷ್ಟು ಭಾನುವಾರದ್ದು ಎಂದು ಭಾಗ ಮಾಡಲು ಹೋದರೆ ದಣಿವಾಗುತ್ತದೆ. ಸೋಮವಾರ ಜ್ವರ ಬರದಿದ್ದರೆ ಎಂದು ಒಮ್ಮೆ ಅನ್ನಿಸುತ್ತದೆ. ನಾನು ಬಾಯಿ ಮುಚ್ಚಿಕೊಂಡು ಬರೀ ನಕ್ಷೆ ಕೊಟ್ಟಿದ್ದರೆ ಎಂದು ಹತ್ತು ಸಲ ಅನ್ನಿಸುತ್ತದೆ. ನನ್ನ ಮಟ್ಟಿಗೆ ಟ್ರಾಮ್ ಹತ್ತಿದ್ದೆನೋ ಇಲ್ಲವೋ ಎಂಬುದು ಈಗ ಅಂಥ ದೊಡ್ಡ ಪ್ರಶ್ನೆಯಲ್ಲ. ಆ ಭಾನುವಾರ ಬೆಳಗ್ಗೆ ನಾಲ್ಕು ಗಂಟೆಗಳ ಕಾಲ, ಕೊಂಕಣಿ ಬರುವ ಒಬ್ಬರೇ ಒಬ್ಬರು ಅದೇ ಊರಿನ ಬೀದಿಯಲ್ಲಿ ಕುಂಟುತ್ತ ಬರುತ್ತಿರುವಾಗ, ಐರಿನ್ ಯಾರನ್ನು ಕರೆದರು, ಏನು ಹೇಳಿದರು, ಯಾತಕ್ಕೆ ನಕ್ಕರು? ನನಗೆ ಗೊತ್ತಿಲ್ಲ. ಜೆಸಿಂತಾ ಬಾಯಿಗೂ ಗೊತ್ತಿಲ್ಲ. ಕೇಳಿಸಿಕೊಂಡವರಿಗೆ ಅರ್ಥವಾಗಿಲ್ಲ.